ಅಪ್ಪನ ಕಡೆಯವರನ್ನೂ ಕೇಳಿ: ವಂಶದಲ್ಲಿ ಇಳಿದು ಬರುವ ಕರುಳಿನ ಕ್ಯಾನ್ಸರ್

ತರವಾಡಿನಲ್ಲಿ, ಎಂದರೆ ಕುಟುಂಬದ ಮೂಲಮನೆಯಲ್ಲಿ, ದೋಷ ತಿಳಿಯಲು ಜ್ಯೋತಿಷಿಯನ್ನು ಕರೆದು ಅಷ್ಟಮಂಗಲ ಪ್ರಶ್ನೆ ಇಟ್ಟರೆ ಕುಟುಂಬದವರೆಲ್ಲ ಸೇರಬೇಕು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಇದನ್ನು ಕಾಣದವರು ಕಡಿಮೆ. ದೈವ, ನಾಗನ ವಿಷಯ ಮುಗಿದ ಮೇಲೆ ಮಾತು ತೀರಿಹೋದವರ ಕಡೆಗೆ ಹೊರಳುತ್ತದೆ. ಎಳೆಪ್ರಾಯದಲ್ಲಿ ಹೋದವರು ಯಾರು, ಏನಾಗಿ ಹೋದರು? ಮೂಲೆಯಲ್ಲಿ ಕೂತ ಅಜ್ಜಿಯೊಬ್ಬರಿಗೆ ಎಲ್ಲ ನೆನಪಿರುತ್ತದೆ. ದೊಡ್ಡ ಮಾವನಿಗೆ ನಲವತ್ತೆರಡಕ್ಕೇ ಹೊಟ್ಟೆಯ ಕಾಯಿಲೆ. ಅವರ ತಂಗಿಗೆ ಗರ್ಭಕೋಶ ತೆಗೆಸಿದರು, ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಪರಿಹಾರದ ಚೀಟಿ ಬರೆಸಿಕೊಂಡು ಎಲ್ಲರೂ ಊಟಕ್ಕೆ ಏಳುತ್ತಾರೆ. ಅಜ್ಜಿ ಹೇಳಿದ್ದನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ತಳಿವೈದ್ಯರ ಮುಂದೆ ಅಷ್ಟನ್ನೇ ಹೇಳಿದರೂ ಅವರು ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ವಂಶವಾಹಿಯ ಮೂಲಕ ಇಳಿಯುತ್ತದೆ ಎಂಬುದು ಗೊತ್ತಾದ ಬಗೆಯೂ ಹೀಗೆಯೇ. ಮನೆಯವರು ಮೊದಲು ಹೇಳಿದರು, ವೈದ್ಯಲೋಕ ಬಹಳ ತಡವಾಗಿ ನಂಬಿತು.

1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ರೋಗಶಾಸ್ತ್ರಜ್ಞ ಆಲ್ಡ್ರೆಡ್ ಸ್ಕಾಟ್ ವಾರ್ತಿನ್ ಅವರಿಗೆ ತನ್ನ ಸಾವಿನ ಬಗ್ಗೆ ಹೇಳಿದಳು: ನಮ್ಮ ಮನೆಯವರೆಲ್ಲ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಸಾಯುವುದು, ನಾನೂ ಹಾಗೇ ಸಾಯುತ್ತೇನೆ. ಆಗ ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮುಂದೆ ಗರ್ಭಕೋಶದ ಕ್ಯಾನ್ಸರೇ ಅವಳ ಜೀವ ತೆಗೆಯಿತು. ವಾರ್ತಿನ್ ಆ ಮನೆತನದ ವಿವರ ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಅದಕ್ಕೆ ‘ಫ್ಯಾಮಿಲಿ ಜಿ’ ಎಂದು ಹೆಸರಾಯಿತು. ಕ್ಯಾನ್ಸರ್ ವಂಶದಲ್ಲಿ ಬರುತ್ತದೆ ಎಂಬ ಮಾತಿಗೆ ಆಗ ಕಿವಿಗೊಟ್ಟವರು ಕಡಿಮೆ.

ಅರ್ಧ ಶತಮಾನದ ಬಳಿಕ ಒಮಾಹಾದ ಆಸ್ಪತ್ರೆಯಲ್ಲಿ ಹೆನ್ರಿ ಲಿಂಚ್ ಎಂಬ ಎಳೆಯ ವೈದ್ಯ ವಿಪರೀತ ಕುಡಿತದ ರೋಗಿಯೊಬ್ಬನನ್ನು ನೋಡುತ್ತಿದ್ದರು. ಯಾಕಪ್ಪ ಇಷ್ಟು ಕುಡಿಯುತ್ತೀ ಎಂದರೆ, ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನ ಕ್ಯಾನ್ಸರಿಗೇ ಹೋಗುವುದು, ನನಗೂ ಬಂದೇ ಬರುತ್ತದೆ ಎಂಬ ಉತ್ತರ. ಲಿಂಚ್ ಆಸಾಮಿ ಒಂದು ಕಾಲದಲ್ಲಿ ಬಾಕ್ಸಿಂಗ್ ಆಡಿದವರು, ತಳಿಶಾಸ್ತ್ರವನ್ನೂ ಓದಿದ್ದರು, ಹಿಡಿದದ್ದನ್ನು ಬಿಡುವವರಲ್ಲ. 1966ರಲ್ಲಿ ಎರಡು ದೊಡ್ಡ ಮನೆತನಗಳ ವಂಶಾವಳಿ ಪ್ರಕಟಿಸಿದರು. ಮನೆಯವರೆಲ್ಲ ಒಂದೇ ಊಟ ಮಾಡುತ್ತಾರಲ್ಲ, ಕಾರಣ ಅದೇ ಇರಬಹುದು ಎಂದರು ಟೀಕಾಕಾರರು. ಸಂಶೋಧನೆಗೆ ಹಣ ಕೇಳಿದರೆ ಅರ್ಜಿ ತಿರಸ್ಕೃತವಾಯಿತು. ಇವತ್ತು ಈ ಕಾಯಿಲೆಗೆ ಅವರದೇ ಹೆಸರು: ಲಿಂಚ್ ಸಿಂಡ್ರೋಮ್.

ಸಾಕ್ಷಿ ಸಿಕ್ಕಿದ್ದು 1993ರಲ್ಲಿ. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳ ಎರಡು ಸೆಟ್ಟುಗಳೂ (ತಾಯಿಯದೊಂದು, ತಂದೆಯದೊಂದು) ನಕಲಾಗಬೇಕು. ಒಂದೇ ಅಕ್ಷರ ಸಾಲಾಗಿ ಬರುವ ಕಡೆ ನಕಲು ಜಾರುತ್ತದೆ, ಒಂದು ಹೆಚ್ಚೋ ಕಮ್ಮಿಯೋ ಆಗುತ್ತದೆ. ಅದನ್ನು ಹುಡುಕಿ ಸರಿಪಡಿಸುವ ಪ್ರೋಟೀನುಗಳ ತಂಡವೊಂದಿದೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ನಲ್ಲಿ ಈ ಕೆಲಸ ಮೊದಲೇ ಗೊತ್ತಿತ್ತು. ಕೆಲವು ರೋಗಿಗಳ ಗಡ್ಡೆಯಲ್ಲಿ ಇಂಥ ಜಾರಿದ ಜಾಗಗಳು ರಾಶಿ ರಾಶಿ ಕಂಡಾಗ ವಿಜ್ಞಾನಿಗಳಿಗೆ ಎಲ್ಲಿ ಹುಡುಕಬೇಕೆಂದು ಹೊಳೆಯಿತು. ಈ ಪ್ರೋಟೀನುಗಳನ್ನು ಮಾಡಿಸುವ ವಂಶವಾಹಿಗಳಲ್ಲೇ ದೋಷವಿತ್ತು: ಅದೇ ವರ್ಷ ಎಂಎಸ್‌ಎಚ್2, ಮರುವರ್ಷ ಎಂಎಲ್‌ಎಚ್1, ಮುಂದೆ ಎಂಎಸ್‌ಎಚ್6 ಮತ್ತು ಪಿಎಂಎಸ್2 ಸಿಕ್ಕಿದವು. 2000ದಲ್ಲಿ ಫ್ಯಾಮಿಲಿ ಜಿಯವರಲ್ಲೂ ಎಂಎಸ್‌ಎಚ್2 ದೋಷ ಪತ್ತೆಯಾಯಿತು. ಹೊಲಿಗೆಯಾಕೆ ಹೇಳಿ ನೂರು ವರ್ಷ ದಾಟಿತ್ತು.

ಇಂಥ ವಂಶವಾಹಿಯ ಕೆಟ್ಟ ಪ್ರತಿ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮೂರಿನಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಎಂದರೆ ತಾಯಿಯ ಕಡೆ. ಅಜ್ಜಿ, ಅಜ್ಜಿಯ ಅಮ್ಮ, ಮಾವಂದಿರು ಎಂದು ನಾಲ್ಕು ತಲೆಮಾರು ಬಾಯಲ್ಲೇ ಇರುತ್ತದೆ. ಅಪ್ಪನ ಅಣ್ಣತಮ್ಮಂದಿರು ಏನಾಗಿ ತೀರಿಕೊಂಡರು ಎಂದು ಕೇಳಿದರೆ, ಅದು ಅವರ ತರವಾಡಿನ ವಿಷಯ. ಹವ್ಯಕರ ಮನೆಗಳಲ್ಲಿ ಇದರ ತದ್ವಿರುದ್ಧ: ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಶ್ರಾದ್ಧದಲ್ಲಿ ಬರುತ್ತದೆ, ಮದುವೆಯಾಗಿ ಹೋದ ಅತ್ತೆಯಂದಿರ ಮಕ್ಕಳು ಲೆಕ್ಕದಿಂದ ಜಾರುತ್ತಾರೆ. ಕೇರಳದಲ್ಲಿ ಅವಿಭಕ್ತ ಕುಟುಂಬವನ್ನು ರದ್ದುಮಾಡಿದ 1975ರ ಕಾನೂನು ಆಸ್ತಿಯ ಕಟ್ಟನ್ನು ಬದಲಿಸಿತು, ಈ ನೆನಪಿನ ಕಟ್ಟನ್ನಲ್ಲ. ವಂಶವಾಹಿಗೆ ಅಳಿಯಕಟ್ಟೂ ಇಲ್ಲ, ಮಕ್ಕಳಕಟ್ಟೂ ಇಲ್ಲ. ವೈದ್ಯರಿಗೆ ಎರಡೂ ಕಡೆ ಬೇಕು, ಕನಿಷ್ಠ ಮೂರು ತಲೆಮಾರು.

ಇನ್ನೊಂದು ತೊಡಕು. ಲಿಂಚ್ ಇರುವ ಮನೆಯಲ್ಲಿ ಗಂಡಸರಿಗೆ ಕರುಳು, ಹೆಂಗಸರಿಗೆ ಕರುಳಿನ ಜತೆಗೆ ಗರ್ಭಕೋಶ ಮತ್ತು ಅಂಡಾಶಯ, ಕೆಲವರಿಗೆ ಜಠರ ಅಥವಾ ಮೂತ್ರನಾಳ. ಒಂದೇ ಬೇರು ಎಂದು ಮನೆಯವರಿಗೆ ಹೊಳೆಯುವುದು ಹೇಗೆ? ಮಲದಲ್ಲಿ ರಕ್ತ ಕಂಡರಂತೂ ‘ಉಷ್ಣ ಜಾಸ್ತಿಯಾಗಿದೆ’, ಇಲ್ಲವೇ ಮೂಲವ್ಯಾಧಿ. ಎಳನೀರು, ಮಜ್ಜಿಗೆ, ಪೈಲ್ಸ್‌ನ ಮದ್ದು ಎಂದು ತಿಂಗಳುಗಟ್ಟಲೆ ಕಳೆಯುತ್ತದೆ.

ಎಣ್ಮಕಜೆ, ಪಡ್ರೆಯ ಕಡೆ ಕ್ಯಾನ್ಸರ್ ಎಂದರೆ ಮೊದಲ ಉತ್ತರ ಎಂಡೋಸಲ್ಫಾನ್ ಎಂಬ ಕೀಟನಾಶಕ. ಹಾಗೆ ಹೇಳುವವರನ್ನು ತಪ್ಪೆನ್ನಲಾಗದು. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರ್‌ನಿಂದ ವಿಷ ಸುರಿದದ್ದನ್ನು ಕಣ್ಣಾರೆ ಕಂಡವರು ಅವರು. ವಾಣಿನಗರದ ಡಾ. ಮೋಹನ್ ಕುಮಾರ್ ಬರೆದು ಎಚ್ಚರಿಸುವವರೆಗೂ ಅವರ ಮಾತನ್ನು ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಒಂದು ಮನೆಯಲ್ಲಿ ವಂಶವಾಹಿ ದೋಷ ಸಿಕ್ಕಿತೆಂದು ಆ ಸಿಂಪಡಣೆಗೆ ಕ್ಲೀನ್ ಚಿಟ್ ಕೊಟ್ಟಂತಾಗುವುದಿಲ್ಲ. ಆದರೆ ಎರಡರ ಜಾಡು ಬೇರೆ. ಸುತ್ತಲ ಗಾಳಿ, ನೀರಿನಿಂದ ಬಂದದ್ದು ನೆರೆಮನೆಯವರನ್ನೂ ಹಿಡಿಯುತ್ತದೆ. ವಂಶವಾಹಿಯದ್ದು ನೆರೆಮನೆಯನ್ನು ಬಿಟ್ಟು, ಮೂವತ್ತು ವರ್ಷದ ಹಿಂದೆ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ಚಿಕ್ಕಪ್ಪನನ್ನು ಹಿಡಿಯುತ್ತದೆ.

ಹಾಗೆಂದು ಪ್ರತಿ ಕರುಳಿನ ಕ್ಯಾನ್ಸರೂ ವಂಶದ್ದಲ್ಲ. ನೂರರಲ್ಲಿ ಮೂರರಷ್ಟು ಮಾತ್ರ ಲಿಂಚ್. ಎಪಿಸಿ ಎಂಬ ವಂಶವಾಹಿಯ ದೋಷದಿಂದ ಹದಿಹರೆಯದಲ್ಲೇ ಕರುಳಿನ ತುಂಬ ನೂರಾರು ಪಾಲಿಪ್ (ಒಳಗೋಡೆಯ ಸಣ್ಣ ಗಂಟು) ಏಳುವ ಕಾಯಿಲೆ ಇನ್ನೂ ಅಪರೂಪ, ನೂರರಲ್ಲಿ ಒಂದಕ್ಕಿಂತ ಕಡಿಮೆ. ಆದರೆ ಅದು ಬಂದವರಿಗೆ ಕರುಳು ತೆಗೆಯದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. 2002ರಲ್ಲಿ ಪತ್ತೆಯಾದ ಎಂಯುಟಿವೈಎಚ್ ದೋಷದ ಸ್ವಭಾವ ಬೇರೆ: ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಪಾಲಿಪ್‌ಗಳ ಕಾಯಿಲೆ. ಸೋದರಮಾವನ ಮಗಳನ್ನು ತರುವ ರೂಢಿಯಿರುವ ಕಡೆ ಈ ಎರಡು ಪ್ರತಿಗಳು ಒಂದಾಗುವ ಸಂಭವ ಹೆಚ್ಚು. ಲಿಂಚ್‌ನ ವಂಶವಾಹಿಯೂ ಹಾಗೆ ಜೋಡಿಯಾದರೆ ಮಕ್ಕಳಿಗೆ ಬಾಲ್ಯದಲ್ಲೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ಇವಲ್ಲದೆ ಅಪಾಯವನ್ನು ತುಸು ತುಸುವೇ ಏರಿಸುವ, ಡಿಎನ್‌ಎಯಲ್ಲಿನ ಸಾಮಾನ್ಯ ವ್ಯತ್ಯಾಸಗಳಿವೆ. 2007ರಿಂದೀಚೆಗೆ ಜೀನೋಮ್‌ನ ಸುಮಾರು ಇನ್ನೂರು ಜಾಗಗಳಲ್ಲಿ ಇವನ್ನು ಗುರುತಿಸಿದ್ದಾರೆ. ಇವನ್ನು ಕೂಡಿಸಿ ಅಂಕ ಕೊಡುವ ಪರೀಕ್ಷೆಗಳೂ ಬಂದಿವೆ. ಆದರೆ ಮಾಹಿತಿ ಬಹುಪಾಲು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರದ್ದು. ಮಂಜೇಶ್ವರದವರು ದುಡ್ಡು ಕೊಟ್ಟು ಆ ಅಂಕ ತರಿಸಿಕೊಂಡರೆ ಅದಕ್ಕೆ ಎಷ್ಟು ಬೆಲೆ ಎಂಬುದು ನನಗಂತೂ ಅನುಮಾನವೇ.

ನಿಜವಾಗಿ ಉಪಯೋಗಕ್ಕೆ ಬರುವುದು ಅಗ್ಗದ ಇನ್ನೊಂದು ಪರೀಕ್ಷೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತೆಳು ಪದರಕ್ಕೆ ಆ ನಾಲ್ಕು ಪ್ರೋಟೀನುಗಳನ್ನು ಹಿಡಿಯುವ ಬಣ್ಣ ಹಾಕುತ್ತಾರೆ. ಪ್ರೋಟೀನು ಇದ್ದರೆ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಸುತ್ತಲಿನ ಆರೋಗ್ಯವಂತ ಕೋಶಗಳೆಲ್ಲ ಕಂದಾಗಿ, ಗಡ್ಡೆಯದ್ದು ಮಾತ್ರ ನೀಲಿಯಾಗಿ ಉಳಿಯುತ್ತದೆ. ರಿಪೋರ್ಟಿನ ಕೆಳಗಡೆ ನಾಲ್ಕು ಹೆಸರಿನ ಪಕ್ಕ ‘ರಿಟೈನ್ಡ್’ (ಉಳಿದಿದೆ) ಅಥವಾ ‘ಲಾಸ್’ (ಇಲ್ಲ) ಎಂದಿರುವುದು ಇದನ್ನೇ. ಎಂಎಲ್‌ಎಚ್1 ಇಲ್ಲವೆಂದ ಕೂಡಲೇ ಗಾಬರಿ ಬೇಡ, ಪ್ರಾಯವಾದವರ ಗಡ್ಡೆಯಲ್ಲಿ ಅದು ವಂಶದ ಸಂಬಂಧವಿಲ್ಲದೆಯೂ ಮಾಯವಾಗುತ್ತದೆ. ರಕ್ತಪರೀಕ್ಷೆ ಅದರ ನಂತರದ ಹೆಜ್ಜೆ.

ದೋಷವಿದೆಯೆಂದು ಗೊತ್ತಾದರೆ ಮಾಡಲಿಕ್ಕೆ ಏನಿದೆ? ಬೇಕಾದಷ್ಟಿದೆ. ಎಂಎಸ್‌ಎಚ್2, ಎಂಎಲ್‌ಎಚ್1 ದೋಷವಿರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಕರುಳಿನ ಕ್ಯಾನ್ಸರ್ ಬರುತ್ತದೆ, ಪಿಎಂಎಸ್2 ಇದ್ದವರಿಗೆ ಬಹಳ ಕಡಿಮೆ. ಮೊದಲಿನ ಗುಂಪಿನವರು ಇಪ್ಪತ್ತು, ಇಪ್ಪತ್ತೈದನೇ ಪ್ರಾಯದಿಂದ ವರ್ಷಕ್ಕೋ ಎರಡು ವರ್ಷಕ್ಕೋ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕು. ಫಿನ್ಲೆಂಡ್‌ನಲ್ಲಿ 15 ವರ್ಷ ಹೀಗೆ ನೋಡಿಕೊಂಡ ಮನೆತನಗಳಲ್ಲಿ ಕ್ಯಾನ್ಸರ್ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಆಸ್ಪಿರಿನ್ ಕೂಡ ಅಪಾಯ ಇಳಿಸುತ್ತದೆಂದು 2011ರ ಅಧ್ಯಯನ ತೋರಿಸಿದೆ, ಆದರೆ ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ನಮ್ಮ ಕಡೆಯವರಿಗೆ ಇದೆಲ್ಲ ಎಂದರೆ ಹೆಚ್ಚಾಗಿ ಮಂಗಳೂರಿನ ದಾರಿ. 2020ರಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ.

ಪರೀಕ್ಷೆ ಮೊದಲು ಆಗಬೇಕಾದ್ದು ಕಾಯಿಲೆ ಬಂದವರಿಗೆ. ಅವರಲ್ಲಿ ದೋಷ ಸಿಕ್ಕಿದರೆ ಮಾತ್ರ ಉಳಿದವರಲ್ಲಿ ಅದೇ ಜಾಗವನ್ನು ಹುಡುಕಬಹುದು. ಒಡಹುಟ್ಟಿದವರು ಹೆದರಿ ಹಿಂದೆ ಸರಿಯುವುದುಂಟು, ಹೆಣ್ಣುಮಕ್ಕಳ ಮದುವೆಯ ಚಿಂತೆಯೂ ಇರುತ್ತದೆ. ಆದರೆ ಪರೀಕ್ಷೆಗೆ ಹೋದವರಲ್ಲಿ ಸರಾಸರಿ ಅರ್ಧ ಮಂದಿಗೆ ಏನೂ ಇರುವುದಿಲ್ಲ. ಅವರಿಗೆ ವರ್ಷ ವರ್ಷ ಕೊಲೊನೋಸ್ಕೋಪಿ ಬೇಡ, ಅವರ ಮೂಲಕ ಅವರ ಮಕ್ಕಳಿಗೆ ಆ ದೋಷ ಹೋಗುವುದೂ ಇಲ್ಲ.