ಸಣ್ಣ ತಲೆಗೆ ಹೊಂದುವ ಹೆಡ್‌ಸೆಟ್: ಪಕ್ಕದ ಸೀಟಿನವರಿಗಾಗಿ ಒಂದು ಅಧ್ಯಯನ ಟಿಪ್ಪಣಿ

ಪೈಲಟ್ ಲೈಸೆನ್ಸ್ ಕೈಗೆ ಬಂದ ಮೇಲೆ ನಾವು ಮೊದಲು ವಿಮಾನ ಹತ್ತಿಸುವುದು ಮನೆಯವರನ್ನೇ. ಅಮ್ಮ, ಹೆಂಡತಿ, ತಂಗಿ, ಹೈಸ್ಕೂಲಿಗೆ ಹೋಗುವ ಮಗಳು. ತೂಕ, ಇಂಧನ, ಹವಾಮಾನ ಎಲ್ಲವನ್ನೂ ಲೆಕ್ಕ ಹಾಕಿರುತ್ತೇವೆ. ಅವರ ತಲೆಗೆ ಯಾವ ಹೆಡ್‌ಸೆಟ್ ಹಾಕಬೇಕು ಅನ್ನುವುದನ್ನು ಮಾತ್ರ ಕೊನೆ ಗಳಿಗೆಗೆ ಬಿಟ್ಟಿರುತ್ತೇವೆ. ಫ್ಲೈಯಿಂಗ್ ಕ್ಲಬ್ಬಿನ ಕಪಾಟಿನಲ್ಲಿ ಯಾವುದು ಸಿಕ್ಕಿತೋ ಅದು. ಐದಡಿ ದಾಟದ, ಸಣ್ಣ ಮುಖದ ಹೆಣ್ಣುಮಗಳಿಗೆ ಅದು ಸರಿಯಾಗಿ ಕೂರುವುದು ಅಪರೂಪ. ಒಂದು ಗಂಟೆ ಹಾರಿ ಇಳಿಯುವಷ್ಟರಲ್ಲಿ ತಲೆನೋವು, ಕಿವಿ ಕೆಂಪು. ಆಮೇಲೆ ಎಷ್ಟು ಕರೆದರೂ ಅವರು ಮತ್ತೆ ಬರುವುದಿಲ್ಲ.

ಇಲ್ಲಿ ನಾನು ಸೆಸ್ನಾ 172ರಂಥ ನಾಲ್ಕು ಸೀಟಿನ, ಒಂದು ಪಿಸ್ಟನ್ ಎಂಜಿನ್‌ನ ವಿಮಾನವನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಲು ಕಲಿಯುವವರಿಗೂ ಅಮೆರಿಕದಲ್ಲಿ ಶನಿವಾರ ಭಾನುವಾರ ಕಲಿಯುವ ನಮ್ಮವರಿಗೂ ಇದು ಗೊತ್ತಿರುವ ವಿಮಾನ. ಹೇಳಬೇಕಾದ ಮುಖ್ಯ ಮಾತು ಒಂದೇ. ಬೆಲೆ, ತೂಕ, ಬ್ರ್ಯಾಂಡ್ ಎಲ್ಲ ಆಮೇಲೆ. ಈ ಹೆಡ್‌ಸೆಟ್ ಎಷ್ಟು ಸಣ್ಣದಾಗಬಲ್ಲದು, ಕಿವಿಯ ಸುತ್ತ ಸಂದಿಲ್ಲದೆ ಕೂರುತ್ತದಾ ಅನ್ನುವುದನ್ನು ಮೊದಲು ನೋಡಿ.

ಸದ್ದಿನ ಲೆಕ್ಕ

ಇಂಥ ವಿಮಾನದ ಕಾಕ್‌ಪಿಟ್‌ನಲ್ಲಿ ಸದ್ದು ಸುಮಾರು 90 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಹಾಗಾಗಿ ಹೆಡ್‌ಸೆಟ್ ಬರೀ ಮಾತಾಡುವುದಕ್ಕಲ್ಲ, ಕಿವಿ ಕಾಪಾಡುವುದಕ್ಕೂ ಬೇಕು. ಪ್ರಯಾಣಿಕರಿಗೂ ಅಷ್ಟೇ.

ಆ ಸದ್ದು ಎಂಥದು ಅನ್ನುವುದನ್ನು ನಾವೇ ಲೆಕ್ಕ ಹಾಕಬಹುದು. ಕ್ರೂಸ್‌ನಲ್ಲಿ, ಅಂದರೆ ಮೇಲೇರಿ ಒಂದೇ ವೇಗದಲ್ಲಿ ಹಾರುವಾಗ, 2400 ಆರ್‌ಪಿಎಂ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 40 ಸುತ್ತು. ಪ್ರೊಪೆಲ್ಲರ್‌ಗೆ ಎರಡು ಬ್ಲೇಡ್, ಹಾಗಾಗಿ 80 ಹರ್ಟ್ಜ್. ನಾಲ್ಕು ಸಿಲಿಂಡರ್‌ನ ಫೋರ್-ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ, ಅಲ್ಲೂ 80 ಹರ್ಟ್ಜ್. ಎದೆಯಲ್ಲಿ ಗುಂಯ್ ಅನ್ನುತ್ತದಲ್ಲ, ಅದೇ ಇದು. ತುಂಬ ತಗ್ಗಿನ ಸದ್ದು, ಅಂದರೆ ಮೆಲ್ಲನೆಯದಲ್ಲ, ದಪ್ಪ ಸ್ವರದ್ದು. ಕಿವಿ ಮುಚ್ಚುವ ಇಯರ್ ಕಪ್ಪಿನ ಸುತ್ತ ಸಣ್ಣ ಸಂದಿದ್ದರೂ ಮೊದಲು ಒಳಗೆ ನುಗ್ಗುವುದು ಈ ತಗ್ಗಿನ ಸದ್ದೇ. ಕುಕ್ಕರ್‌ನ ಗ್ಯಾಸ್ಕೆಟ್ ಒಂದು ಕಡೆ ಎದ್ದಿದ್ದರೆ ಸಾಕು, ಒಳಗೆ ಪ್ರೆಶರ್ ನಿಲ್ಲುವುದಿಲ್ಲ ಅಲ್ವಾ, ಹಾಗೆ. ಡಬ್ಬಿಯ ಮೇಲೆ 23 ಡೆಸಿಬೆಲ್ ಸದ್ದು ಇಳಿಸುತ್ತದೆ ಅಂತ ಬರೆದಿರುವುದು ಲ್ಯಾಬ್‌ನಲ್ಲಿ ನೀಟಾಗಿ ಕೂರಿಸಿ ಅಳೆದದ್ದು. ಸಂದಿರುವ ತಲೆಗೆ ಅಷ್ಟು ಸಿಗುವುದಿಲ್ಲ.

ಸಣ್ಣ ತಲೆಯಲ್ಲಿ ಏನಾಗುತ್ತದೆ

ಸಣ್ಣ ತಲೆಯವರಿಗೆ ಹೆಡ್‌ಸೆಟ್ ಬಿಗಿಯಾಗುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಿಜ ಅಂದರೆ ಉಲ್ಟಾ. ಹೆಡ್‌ಬ್ಯಾಂಡ್ ಒಂದು ಸ್ಪ್ರಿಂಗ್. ಜಾಸ್ತಿ ಅಗಲಿಸಿದರೆ ಜಾಸ್ತಿ ಒತ್ತುತ್ತದೆ. ಅಗಲ ಕಮ್ಮಿ ಇರುವ ತಲೆಯಲ್ಲಿ ಅದು ಅಷ್ಟಾಗಿ ಅಗಲುವುದೇ ಇಲ್ಲ, ಹಾಗಾಗಿ ಒತ್ತುವ ಬಲವೂ ಕಮ್ಮಿ. ಇನ್ನು ಎತ್ತರದ ಪ್ರಶ್ನೆ. ಕಪ್‌ಗಳನ್ನು ಪೂರ್ತಿ ಮೇಲಕ್ಕೆ ಎಳೆದರೂ ಬ್ಯಾಂಡ್ ನೆತ್ತಿಗೆ ತಾಗದೆ ಮೇಲೇ ನಿಂತಿರುತ್ತದೆ. ಆಗ ಅರ್ಧ ಕಿಲೋ ತೂಕವನ್ನು ನೆತ್ತಿ ಹೊರುವುದಿಲ್ಲ, ಕಿವಿ ಮತ್ತು ದವಡೆ ಹೊರುತ್ತವೆ. ಕಪ್ ಜಾರಿ ಕಿವಿಯ ಮೇಲ್ತುದಿಯ ಮೇಲೆ ಕೂರುತ್ತದೆ. ಅಲ್ಲೇ ನೋವು ಶುರು.

ಮೂರನೆಯದು ಕಿವಿಯ ಕೆಳಗಿನ ತಗ್ಗು. ಕಿವಿಯ ಹಾಲೆಯ ಹಿಂದೆ, ದವಡೆಯ ಮೂಲೆ ಮತ್ತು ಕತ್ತಿನ ನಡುವೆ ಬೆರಳಿಟ್ಟು ನೋಡಿ. ತೆಳ್ಳಗಿನ ಮುಖದವರಿಗೆ ಅಲ್ಲಿ ಆಳವಾದ ಕುಳಿ ಇರುತ್ತದೆ. ದೊಡ್ಡ ಕಪ್ಪಿನ ಕೆಳತುದಿ ಸರಿಯಾಗಿ ಆ ಕುಳಿಯ ಮೇಲೇ ಬಂದು ನಿಂತು ಸಂದು ಬಿಡುತ್ತದೆ. ಬಾಯಿ ತೆರೆದರೆ, ನಕ್ಕರೆ, ಆಕಳಿಸಿದರೆ ಸಂದು ಇನ್ನೂ ಅಗಲ.

ಎಷ್ಟೋ ಜನ ಇದನ್ನು ಸರಿಮಾಡಲು ಕಪ್‌ಗಳನ್ನು ಸುಮ್ನೆ ಗಟ್ಟಿಯಾಗಿ ಒತ್ತಿಬಿಡುತ್ತಾರೆ. ಮಾಡಬೇಕಾದ್ದು ಕಪ್ಪನ್ನು ಮೇಲಕ್ಕೆ ಎತ್ತುವ ಕೆಲಸ. ಹೆಡ್‌ಬ್ಯಾಂಡಿನ ಕೆಳಗಿನ ಪ್ಯಾಡ್ ಬಿಚ್ಚಿ ಇನ್ನೂ ದಪ್ಪನೆಯದು ಹಾಕಿ. ಬ್ಯಾಂಡ್ ನೆತ್ತಿಗೆ ತಾಗುತ್ತದೆ, ಕಪ್‌ಗಳು ತಾವಾಗಿ ಮೇಲೇರುತ್ತವೆ, ತೂಕ ಇರಬೇಕಾದ ಜಾಗಕ್ಕೆ ಹೋಗುತ್ತದೆ. ಪ್ಯಾಡ್ ಇಲ್ಲದಿದ್ದರೆ ತೆಳು ಹತ್ತಿಬಟ್ಟೆ ಮಡಿಸಿ ಇಟ್ಟರೂ ನಡೆಯುತ್ತದೆ. ಕ್ಯಾಪ್ ಹಾಕುವುದಾದರೆ ನೆತ್ತಿಯಲ್ಲಿ ಗುಂಡಿ ಇಲ್ಲದ ಕ್ಯಾಪ್ ನೋಡಿ. ಬೇಸ್‌ಬಾಲ್ ಕ್ಯಾಪ್‌ನ ಆ ಗುಂಡಿಯನ್ನು ಬ್ಯಾಂಡ್ ಒತ್ತಿ ಹಿಡಿದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ.

ಡೇವಿಡ್ ಕ್ಲಾರ್ಕ್ ಎಚ್10-13.4ರಂಥ ಹಳೆ ಹಸಿರು ಹೆಡ್‌ಸೆಟ್‌ಗಳ ಬ್ಯಾಂಡ್ ಸ್ಟೀಲಿನದು. ಕೈಯಿಂದಲೇ ಮೆಲ್ಲಗೆ ಒಳಕ್ಕೆ ಬಾಗಿಸಿದರೆ ಒತ್ತು ಸ್ವಲ್ಪ ಹೆಚ್ಚುತ್ತದೆ. ಸ್ವಂತದ್ದಾದರೆ ಮಾತ್ರ ಮಾಡಿ. ಕ್ಲಬ್ಬಿನದನ್ನು ಬಾಗಿಸಿದರೆ ನಿಮ್ಮ ನಂತರ ಹಾಕುವವರಿಗೆ ತೊಂದರೆ.

ತುರುಬು, ಓಲೆ, ಕನ್ನಡಕ

ಅಮ್ಮನಿಗೆ ಹೆಡ್‌ಸೆಟ್ ಹಾಕಿಕೊಡುವಾಗ ನಾನು ಪಾಲಿಸುವ ಕ್ರಮ ಇದು. ಮೊದಲು ಜುಮುಕಿ, ಓಲೆ ಬಿಚ್ಚಿಸಿ ಪರ್ಸ್‌ಗೆ ಹಾಕಿಸುತ್ತೇನೆ. ಓಲೆಯ ಹಿಂದಿನ ತಿರುಪು ಕತ್ತಿಗೆ ಚುಚ್ಚುವುದು ಸಾಮಾನ್ಯವಾಗಿ ಹಾರಿದ ಮೇಲೆಯೇ ಗೊತ್ತಾಗುವುದು, ಆಗ ಬಿಚ್ಚಲು ಜಾಗ ಇರುವುದಿಲ್ಲ. ತುರುಬು ಎತ್ತರದಲ್ಲಿದ್ದರೆ ಬ್ಯಾಂಡ್ ಅದಕ್ಕೆ ತಾಗಿ ಮುಂದಕ್ಕೆ ಜಾರುತ್ತದೆ. ಕತ್ತಿನ ಹತ್ತಿರ ಸಡಿಲವಾಗಿ ಜಡೆ ಹಾಕಿಕೊಂಡರೆ ಆರಾಮ. ಮೆಟಲ್ ಕ್ಲಿಪ್, ಹೇರ್‌ಪಿನ್ ಬ್ಯಾಂಡಿನ ಕೆಳಗೆ ಬೇಡವೇ ಬೇಡ. ಆಮೇಲೆ ಎರಡೂ ಕಪ್ ಅಗಲಿಸಿ ಹಾಕಿ, ಒಳಗೆ ಸಿಕ್ಕಿಕೊಂಡ ಕೂದಲನ್ನು ಬೆರಳಿನಿಂದ ಹಿಂದಕ್ಕೆ ತೆಗೆಯುತ್ತೇನೆ. ಕೂದಲಿನ ಒಂದು ಸಣ್ಣ ಗೊಂಚಲು ಸಾಕು ಸೀಲ್, ಅಂದರೆ ಕಪ್ಪಿನ ಅಂಚಿನ ಮೆತ್ತೆ ಕಿವಿಯ ಸುತ್ತ ಕೂರುವ ಬಿಗಿ, ಕೆಡಲು. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಅದೂ ಸಂದು ಮಾಡುತ್ತದೆ, ಜೊತೆಗೆ ಕಿವಿಯ ಹಿಂದೆ ಒತ್ತಿ ನೋಯಿಸುತ್ತದೆ. ತೆಳು ಕಡ್ಡಿಯ ಇನ್ನೊಂದು ಕನ್ನಡಕ ಇದ್ದರೆ ಅದನ್ನೇ ತರಲು ಹೇಳಿ. ಜೆಲ್ ತುಂಬಿದ ಇಯರ್ ಸೀಲ್ ಕಡ್ಡಿಯ ಸುತ್ತ ಫೋಮ್‌ಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಆದರೆ ಸ್ವಲ್ಪ ಭಾರ.

ಕೇಬಲ್ ಕೂಡ ಮರೆಯಬೇಡಿ. ಕೆಲವದರಲ್ಲಿ ನಡುವೆ ಇರುವ ಬ್ಯಾಟರಿ ಡಬ್ಬಿ ಕೆಳಕ್ಕೆ ಜಗ್ಗಿದರೆ ಸಣ್ಣ ತಲೆಯ ಮೇಲೆ ಇಡೀ ಹೆಡ್‌ಸೆಟ್ ಒಂದು ಕಡೆಗೆ ತಿರುಗುತ್ತದೆ. ಕ್ಲಿಪ್ಪನ್ನು ಕುರ್ತಾದ ಕಾಲರಿಗೆ ಅಥವಾ ಭುಜದ ಬೆಲ್ಟಿಗೆ ಹಾಕಿ, ತಲೆ ತಿರುಗಿಸುವಷ್ಟು ಸಡಿಲ ಬಿಡಿ. ಅವರು ಮುಂದಿನ ಬಲ ಸೀಟಿನಲ್ಲಿದ್ದರೆ ಕೇಬಲ್ಲಾಗಲಿ ದುಪಟ್ಟಾ ಆಗಲಿ ಯೋಕ್ (ವಿಮಾನ ತಿರುಗಿಸುವ ಹಿಡಿ) ಕಡೆ ಹೋಗಕೂಡದು. ಇದು ಆರಾಮದ ವಿಷಯ ಅಲ್ಲ, ಸುರಕ್ಷತೆಯದು.

ಎಎನ್‌ಆರ್ ಬೇಕಾ?

ಎಎನ್‌ಆರ್ (ಆ್ಯಕ್ಟಿವ್ ನಾಯ್ಸ್ ರಿಡಕ್ಷನ್) ಅಂದರೆ ಹೊರಗಿನ ಸದ್ದಿನ ಅಲೆಗೆ ಎದುರಾದ ಅಲೆಯನ್ನು ಕಪ್ಪಿನೊಳಗೆ ಹುಟ್ಟಿಸಿ ಸದ್ದನ್ನು ತಗ್ಗಿಸುವುದು. ಎಂಐಟಿಯ ಪ್ರೊಫೆಸರ್ ಅಮರ್ ಬೋಸ್‌ಗೆ ಈ ಯೋಚನೆ ಹೊಳೆದದ್ದು 1978ರಲ್ಲಿ, ಜ್ಯೂರಿಕ್‌ನಿಂದ ವಿಮಾನದಲ್ಲಿ ವಾಪಸು ಬರುವಾಗ. 1986ರಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದ ವಾಯೇಜರ್ ವಿಮಾನದಲ್ಲಿ ಡಿಕ್ ರುಟಾನ್, ಜೀನಾ ಯೇಗರ್ ಇಂಥ ಪ್ರಯೋಗದ ಹೆಡ್‌ಸೆಟ್ ಬಳಸಿದರು. ಅಂಗಡಿಗೆ ಬಂದದ್ದು 1989ರಲ್ಲಿ.

ಎಎನ್‌ಆರ್‌ನ ಬಲ ಇರುವುದು ತಗ್ಗಿನ ಸದ್ದಿನಲ್ಲಿ, ನಮ್ಮ 80 ಹರ್ಟ್ಜ್ ಇರುವ ಕಡೆಯೇ. ಹೆಚ್ಚಿನ ಕಂಪನದ ಸದ್ದನ್ನು ಕಪ್ಪಿನ ಗೋಡೆ ಮತ್ತು ಸೀಲ್ ತಡೆಯಬೇಕು. ಸಣ್ಣ ತಲೆಯವರಿಗೆ ಇದರಿಂದ ನಿಜವಾದ ಲಾಭ ಇದೆ. ತಗ್ಗಿನ ಸದ್ದಿನ ಕೆಲಸ ಎಲೆಕ್ಟ್ರಾನಿಕ್ಸ್ ಮಾಡುವುದರಿಂದ ಅಷ್ಟು ಗಟ್ಟಿಯಾಗಿ ಒತ್ತುವ ಬ್ಯಾಂಡ್ ಬೇಕಾಗುವುದಿಲ್ಲ. ಬೋಸ್ ಅವರ ಕಂಪನಿಯ ಎ30 ಹೆಡ್‌ಸೆಟ್ ಸುಮಾರು 400 ಗ್ರಾಂ. ಹಿಂದಿನ ಎ20ಗಿಂತ 20% ಕಮ್ಮಿ ಒತ್ತುತ್ತದೆ ಅಂತ ಕಂಪನಿ ಹೇಳುತ್ತದೆ. ತಮಾಷೆ ಅಲ್ಲ, ಎ20 ಇದಕ್ಕಿಂತ ಹಗುರ, ಸುಮಾರು 340 ಗ್ರಾಂ. ಅದಕ್ಕೇ ಬರೀ ತೂಕ ನೋಡಿ ತೀರ್ಮಾನಿಸಬೇಡಿ ಅನ್ನುವುದು. ಆದರೆ ಸಂದು ದೊಡ್ಡದಾದರೆ ಎಎನ್‌ಆರ್ ಕೂಡ ಸೋಲುತ್ತದೆ. ಕಿವಿಯಲ್ಲಿ ಪಟಪಟ ಬಡಿದ ಹಾಗೆ, ಒತ್ತಡ ಏರಿಳಿದ ಹಾಗೆ ಅನ್ನಿಸಿದರೆ ಕಾರಣ ಬಹುಪಾಲು ಸೀಲೇ.

ವರ್ಷಕ್ಕೆ ನಾಲ್ಕು ಸಲ ಬರುವ ಪ್ರಯಾಣಿಕರಿಗೆ ಸಾವಿರ ಡಾಲರ್ ದಾಟುವ ಹೆಡ್‌ಸೆಟ್ ಕೊಳ್ಳಬೇಕಾ? ನನ್ನ ಮಟ್ಟಿಗೆ ಬೇಡ. ನಿಮ್ಮ ಹತ್ತಿರ ಒಂದು ಎಎನ್‌ಆರ್ ಇದ್ದರೆ ಅದನ್ನು ಅವರಿಗೆ ಹಾಕಿ, ನೀವು ಕ್ಲಬ್ಬಿನ ಹಸಿರು ಹೆಡ್‌ಸೆಟ್ ಹಾಕಿಕೊಳ್ಳಿ. ರೇಡಿಯೋ ಸ್ಪಷ್ಟವಾಗಿ ಕೇಳುತ್ತದಾ ಅಂತ ಮೊದಲೇ ನೋಡಿಕೊಂಡರೆ ಸಾಕು.

ಬೇರೆ ದಾರಿಗಳು

ಮಕ್ಕಳಿಗೆಂದೇ ಮಾಡಿದ ಹೆಡ್‌ಸೆಟ್‌ಗಳಿವೆ. ಸಿಗ್‌ಟ್ರಾನಿಕ್ಸ್ ಎಸ್-20ವೈ, ಡೇವಿಡ್ ಕ್ಲಾರ್ಕ್ ಎಚ್10-13ವೈ ಅಂಥವು. ಇವುಗಳ ಬ್ಯಾಂಡ್ ಸಣ್ಣದು, ಹಾಗಾಗಿ ಪುಟ್ಟ ಆಳಿನ ದೊಡ್ಡವರಿಗೂ ಇದು ಒಳ್ಳೆ ಆಯ್ಕೆ. ಎಷ್ಟೋ ಜನ ಮಕ್ಕಳದ್ದು ಅಂತ ಇದರ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಎಚ್ಚರ: ಕಿವಿ ಪೂರ್ತಿ ಕಪ್ಪಿನೊಳಗೆ ಹೋಗಬೇಕು, ಅಂಚು ಕಿವಿಯ ಮೇಲೆ ಕೂರಬಾರದು. ತಲೆ ಸಣ್ಣದಿದ್ದ ಮಾತ್ರಕ್ಕೆ ಕಿವಿಯೂ ಸಣ್ಣದಿರಬೇಕಿಲ್ಲ.

ಕಿವಿಯೊಳಗೆ ಇಡುವ ಕ್ಲಾರಿಟಿ ಅಲಾಫ್ಟ್ ಥರದವಕ್ಕೆ ತಲೆಯ ಅಳತೆಯ ಗೊಡವೆಯೇ ಇಲ್ಲ. ತೂಕ 60 ಗ್ರಾಮಿಗಿಂತ ಕಮ್ಮಿ, ಬ್ಯಾಟರಿ ಬೇಡ, ಕನ್ನಡಕಕ್ಕೂ ತುರುಬಿಗೂ ಅಡ್ಡಿಯಿಲ್ಲ. ಆದರೆ ಫೋಮ್ ತುದಿಯನ್ನು ಹೊಸಕಿ ಕಿವಿಯ ಒಳಗೆ ಆಳಕ್ಕೆ ಇಡಬೇಕು. ಮೊದಲ ಸಲ ಹಾರುವವರಿಗೆ ಇದು ಕಿರಿಕಿರಿ ಆಗಬಹುದು. ಸಣ್ಣ ಅಳತೆಯ ತುದಿಯನ್ನು ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿಸಿ. ಬೋಸ್ ಪ್ರೋಫ್ಲೈಟ್ ಕೂಡ ಹಗುರವೇ, ಆದರೆ ಅದನ್ನು ಮಾಡಿರುವುದು ಜೆಟ್‌ನಂಥ ಸದ್ದು ಕಮ್ಮಿಯ ಕಾಕ್‌ಪಿಟ್‌ಗೆ. 172ಕ್ಕೆ ಅಲ್ಲ.

ಏನೂ ಸಿಗದಿದ್ದರೆ? ಸಣ್ಣ ಅಳತೆಯ ಫೋಮ್ ಇಯರ್‌ಪ್ಲಗ್ ಹಾಕಿಸಿ, ಅದರ ಮೇಲೆ ಕ್ಲಬ್ಬಿನ ಹೆಡ್‌ಸೆಟ್. ಇಂಟರ್‌ಕಾಮ್ ವಾಲ್ಯೂಮ್ ಜಾಸ್ತಿ ಮಾಡಿದರೆ ಮಾತು ಚೆನ್ನಾಗಿಯೇ ಕೇಳುತ್ತದೆ. ಹತ್ತು ರೂಪಾಯಿಯ ಈ ಪ್ಲಗ್ ಎಷ್ಟೋ ಹಾರಾಟ ಉಳಿಸಿದೆ.

ಹೆಲಿಕಾಪ್ಟರ್‌ಗೆ ಕರೆದೊಯ್ಯುವುದಾದರೆ ಕೇಬಲ್ ತುದಿಯ ಪ್ಲಗ್ ನೋಡಿ. ವಿಮಾನದಲ್ಲಿ ಎರಡು ಪ್ಲಗ್, ದಪ್ಪನೆಯದು ಕೇಳುವುದಕ್ಕೆ, ಸ್ವಲ್ಪ ತೆಳ್ಳಗಿನದು ಮೈಕ್‌ಗೆ. ಹೆಲಿಕಾಪ್ಟರ್‌ನಲ್ಲಿ ಸಾಮಾನ್ಯವಾಗಿ ಒಂದೇ. ಅಡಾಪ್ಟರ್ ಸಿಗುತ್ತದೆ.

ಮೈಕ್, ಮತ್ತು ಹೊರಡುವ ಮುಂಚಿನ ಪರೀಕ್ಷೆ

ಸಣ್ಣ ಮುಖಕ್ಕೆ ಮೈಕ್‌ನ ಕಡ್ಡಿ ಉದ್ದವಾಗುತ್ತದೆ, ಮೈಕ್ ತುಟಿ ದಾಟಿ ಮುಂದೆ ಹೋಗಿ ನಿಲ್ಲುತ್ತದೆ. ಬಾಗಿಸಿ ತುಟಿಯ ಅಂಚಿಗೆ ತನ್ನಿ. ತುಟಿಗೂ ಮೈಕ್‌ಗೂ ನಡುವೆ 3ರಿಂದ 6 ಮಿಲಿಮೀಟರ್ ಇದ್ದರೆ ಸಾಕು. ಇದು ಹತ್ತಿರದ ಮಾತನ್ನು ಹಿಡಿದು ದೂರದ ಸದ್ದನ್ನು ಬಿಡುವ ಮೈಕ್. ಒಂದು ಇಂಚು ದೂರ ಇದ್ದರೆ ಸ್ಕ್ವೆಲ್ಚ್ (ಮಾತು ಬಂದಾಗ ಮಾತ್ರ ಮೈಕ್ ತೆರೆಯುವ ವ್ಯವಸ್ಥೆ) ತೆರೆದುಕೊಳ್ಳುವುದೇ ಇಲ್ಲ, ಅವರು ಕೂಗುತ್ತಾರೆ, ನಿಮಗೆ ಕೇಳುವುದಿಲ್ಲ, ಅವರಿಗೆ ಗಾಬರಿ. ಮೈಕ್‌ನಲ್ಲಿ ಮಾತಾಡುವ ಬದಿ ಯಾವುದು ಅಂತ ಗುರುತು ಇರುತ್ತದೆ, ಅದು ತುಟಿಯ ಕಡೆಗಿರಲಿ.

ಸೀಟಿನ ಎತ್ತರವೂ ಇದಕ್ಕೆ ಸೇರಿದ್ದೇ. ತಗ್ಗಿನಲ್ಲಿ ಕೂತವರು ಹೊರಗೆ ನೋಡಲು ಗಲ್ಲ ಎತ್ತುತ್ತಾರೆ, ಆಗ ಹೆಡ್‌ಸೆಟ್ ಹಿಂದಕ್ಕೆ ಜಾರುತ್ತದೆ. ಗಟ್ಟಿ ದಿಂಬು ಹಾಕಿ, ಆಮೇಲೆ ಬೆಲ್ಟ್ ಮತ್ತೆ ಬಿಗಿ ಮಾಡಿ.

ಎಂಜಿನ್ ಶುರುವಾದ ಮೇಲೆ, ರನ್-ಅಪ್ ಜಾಗದಲ್ಲಿ (ಹಾರುವ ಮೊದಲು ಎಂಜಿನ್ ಪರೀಕ್ಷಿಸುವ ಕಡೆ), ಎಎನ್‌ಆರ್ ಆಫ್ ಮಾಡಿ ಎರಡು ಕಪ್ಪನ್ನೂ ಅಂಗೈಯಿಂದ ಮೆಲ್ಲಗೆ ಒತ್ತಲು ಹೇಳಿ. ಒತ್ತಿದಾಗ ಸದ್ದು ಗೊತ್ತಾಗುವಷ್ಟು ಇಳಿದರೆ ಎಲ್ಲೋ ಸಂದಿದೆ. ಬಾಯಿ ತೆರೆಯಲಿ, ತಲೆ ಬಗ್ಗಿಸಿ ಮೊಣಕಾಲು ನೋಡಲಿ, ಎಡಬಲ ತಿರುಗಲಿ. ಆಗ ಜಾರದಿದ್ದರೆ ಗಾಳಿಯ ಕುಲುಕಾಟದಲ್ಲೂ ಅಷ್ಟಾಗಿ ಜಾರುವುದಿಲ್ಲ. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ಒಪ್ಪಬೇಡಿ, ಅರ್ಧ ಗಂಟೆ ಹಾಕಿ ಕೂರಿಸಿ. ಒತ್ತುವ ನೋವು ಇಪ್ಪತ್ತು ನಿಮಿಷದ ಮೇಲೇ ತಲೆ ಎತ್ತುತ್ತದೆ. ವಾಪಸು ಕೊಡುವ ಅವಕಾಶ ಇದೆಯಾ ಅಂತಲೂ ಕೇಳಿಕೊಳ್ಳಿ.

ಹಾರುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ನೀವೇ ಕೇಳಿ, ನಮ್ಮ ಹೆಣ್ಣುಮಕ್ಕಳು ತಾವಾಗಿ ಹೇಳುವುದು ಕಮ್ಮಿ. "ಸರಿ ಇದೆಯಾ?" ಅಂದರೆ ಸರಿ ಅಂತಲೇ ಬರುತ್ತದೆ. "ಎಲ್ಲಿ ಒತ್ತುತ್ತಿದೆ?" ಅಂತ ಕೇಳಿ. ನೆತ್ತಿ ಅಂದರೆ ಬ್ಯಾಂಡನ್ನು ಅರ್ಧ ಇಂಚು ಹಿಂದೆ ಅಥವಾ ಮುಂದೆ ಸರಿಸಿ. ಕಿವಿಯ ಮೇಲ್ತುದಿ ಅಂದರೆ ಕಪ್ ಕೆಳಗಿಳಿದಿದೆ, ಮಡಿಸಿದ ಬಟ್ಟೆ ಹಾಕಿ ಎತ್ತಿ. ಕಿವಿಯ ಹಿಂದೆ ಅಂದರೆ ಕನ್ನಡಕದ ಕಡ್ಡಿ, ಒಂದು ಬೆರಳಷ್ಟು ಮೇಲಕ್ಕೆ ಎತ್ತಿಕೊಳ್ಳಲು ಹೇಳಿ.