ಪಶ್ಚಿಮದ ಗೋಡೆಗೊಂದು ಮರ

ಮಧ್ಯಾಹ್ನ ಮೂರರ ನಂತರದ ಬಿಸಿಲು ಓರೆಯಾಗಿ ಬಂದು ಪಶ್ಚಿಮದ ಗೋಡೆಗೂ ಕಿಟಕಿಗೂ ನೇರವಾಗಿ ಬಡಿಯುತ್ತದೆ. ಗೋಡೆ ಹೀರಿಕೊಂಡ ಆ ಕಾವು ಮಲಗುವ ಹೊತ್ತಿಗೆ ಕೋಣೆಯೊಳಗೆ ಇಳಿಯುತ್ತದೆ. ಅಂಗಳದಲ್ಲಿ ಒಂದೇ ಮರಕ್ಕೆ ಜಾಗವಿದ್ದರೆ ಅದು ಪಶ್ಚಿಮಕ್ಕಿರಲಿ.

ಎಷ್ಟು ಎತ್ತರದ ಮರ ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಸೂರ್ಯ ದಿಗಂತದಿಂದ 45 ಡಿಗ್ರಿ ಎತ್ತರಕ್ಕೆ ಇಳಿದಾಗ ನೆರಳಿನ ಉದ್ದ ಮರದ ಎತ್ತರದಷ್ಟೇ ಇರುತ್ತದೆ. ಗೋಡೆಯಿಂದ 15 ಅಡಿ ದೂರದಲ್ಲಿರುವ 25 ಅಡಿಯ ಮರ ಆಗ ಗೋಡೆಯ ಕೆಳಗಿನ 10 ಅಡಿಯನ್ನು ಮುಚ್ಚುತ್ತದೆ. ಸೂರ್ಯ 30 ಡಿಗ್ರಿಗೆ ಬಂದಾಗ ಅದೇ ನೆರಳು 16 ಅಡಿಯವರೆಗೆ ಏರುತ್ತದೆ. ಒಂದಂತಸ್ತಿನ ಮನೆಗೆ ಮಧ್ಯಮ ಗಾತ್ರದ ಮರ ಧಾರಾಳವಾಗಿ ಸಾಕು. ಮಳೆಮರದಂಥ ದೈತ್ಯ ಮೈದಾನಕ್ಕೆ ಸರಿ, ಅಂಗಳಕ್ಕಲ್ಲ.

ಬಿಸಿಲು ಸುಡುವ ತಿಂಗಳಲ್ಲಿ ಮರದ ಮೈಮೇಲೆ ಎಲೆ ಇರುತ್ತದೆಯೇ ಎಂಬುದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಗುಲ್‌ಮೊಹರ್ ಒಣಹವೆಯಲ್ಲಿ ಎಲೆ ಕಳಚಿ, ಹೂ ಬಿಡುವಾಗ ಅರೆಬೋಳಾಗಿರುತ್ತದೆ. ಅದರ ಕೊಂಬೆಗಳೂ ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಹೊಂಗೆಯೂ ಎಲೆ ಉದುರಿಸುತ್ತದೆ, ಆದರೆ ಕೆಲವೇ ವಾರಗಳಲ್ಲಿ ಚಿಗುರಿ ಬಿಸಿಲು ಏರುವಷ್ಟರಲ್ಲಿ ದಟ್ಟವಾಗುತ್ತದೆ. ನೆರಳಿನ ಮಟ್ಟಿಗೆ ನನ್ನ ಮೊದಲ ಆಯ್ಕೆ ಅದೇ. ಬಕುಲ ನಿಧಾನ, ನಿಜ. ಆದರೆ ನಿತ್ಯಹಸಿರು, ಚಿಕ್ಕ ಅಂಗಳಕ್ಕೆ ಒಪ್ಪುವ ಗುಂಡನೆಯ ತಲೆ. ನೇರಳೆಯ ನೆರಳು ಚೆನ್ನ, ಹಣ್ಣಿನ ಕಲೆ ಮಾತ್ರ ಬಿಡದು; ಕಾರು ನಿಲ್ಲಿಸುವ ಕಡೆ ಬೇಡ. ಕಂಬದಂತೆ ನೇರ ಬೆಳೆಯುವ ಉದ್ದೆಲೆಯ ಅಶೋಕ ಸಾಲಿಗೆ ಅಂದ, ನೆರಳಿಗೆ ಅಲ್ಲ.

ಗೋಡೆಯಿಂದ ಬಿಡಬೇಕಾದ ದೂರವನ್ನು ಸಸಿಯನ್ನು ನೋಡಿ ಅಳೆಯಬೇಡಿ. ಬೆಳೆದ ಮರದ ಹರವಿನ ಅರ್ಧಕ್ಕೆ ಐದು ಅಡಿ ಸೇರಿಸಿ. ನೀರೂ ಗಾಳಿಯೂ ಸಿಗುವುದು ಮೇಲ್ಮಣ್ಣಿನಲ್ಲಾದ್ದರಿಂದ ಬೇರುಗಳ ಬಹುಪಾಲು ಮೇಲಿನ ಎರಡು ಅಡಿಯಲ್ಲೇ ಹರಡಿ, ಕೊಂಬೆಗಳ ಅಂಚನ್ನೂ ದಾಟಿ ಹೋಗುತ್ತವೆ. ಬಿರುಕು ಬಿಟ್ಟ ಪೈಪಿನಿಂದ ತೇವ ಸೋರಿದರೆ ಬೇರು ಅಲ್ಲಿ ನುಗ್ಗುತ್ತದೆ. ಆಲ, ಅರಳಿ, ಅತ್ತಿ ಜಾತಿಯವನ್ನು ಸಂಪು, ಒಳಚರಂಡಿಯ ಹತ್ತಿರ ನೆಡಲೇಬಾರದು.

ಸಸಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗದೆ ಬೇರು ನೋಡಿ. ಚೀಲದೊಳಗೆ ಸುರುಳಿ ಸುತ್ತಿದ ಬೇರನ್ನು ಹಾಗೆಯೇ ನೆಟ್ಟರೆ, ಅದು ದಪ್ಪವಾಗುತ್ತಾ ಕಾಂಡವನ್ನೇ ಬಿಗಿದು ಕತ್ತು ಹಿಸುಕುತ್ತದೆ. ಹತ್ತು ವರ್ಷದ ಮರ ಕಾರಣವೇ ತಿಳಿಯದಂತೆ ಸೊರಗುವುದು ಹೀಗೆ. ಸುತ್ತಿದ ಬೇರುಗಳನ್ನು ನೆಡುವ ಮುಂಚೆ ಕತ್ತರಿಸಿ, ಚೀಲ ಪೂರ್ತಿ ತೆಗೆಯಿರಿ.

ಗುಂಡಿ ಬೇರುಗಡ್ಡೆಯ (ಬೇರು ಮಣ್ಣು ಕೂಡಿದ ಉಂಡೆಯ) ಎರಡು-ಮೂರು ಪಟ್ಟು ಅಗಲವಿರಲಿ, ಆಳ ಗಡ್ಡೆಯಷ್ಟೇ ಸಾಕು. ಹೆಚ್ಚು ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಸಸಿ ಕುಸಿದು, ಬುಡ ಮಣ್ಣಿನಡಿ ಹೂತು ತೊಗಟೆ ಕೊಳೆಯುತ್ತದೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಸುತ್ತ ಎರಡು-ಮೂರು ಅಂಗುಲ ದಪ್ಪ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಊರುಗೋಲಿಗೆ ಸಡಿಲವಾಗಿ ಕಟ್ಟಿ, ವರ್ಷವಾದ ಮೇಲೆ ಬಿಚ್ಚಿಬಿಡಿ. ಗಾಳಿಗೆ ತೂಗಾಡಿದಷ್ಟೂ ಕಾಂಡ ದಪ್ಪವಾಗುತ್ತದೆ.