ಉಪಾಧ್ಯಕ್ಷ ಅಭ್ಯರ್ಥಿ ಹಳ್ಳಿಯವರಾದರೆ ಹಳ್ಳಿಯ ಮತ ಬರುತ್ತದೆಯೇ?

ಪ್ರಶ್ನೆ: 2024ರಲ್ಲಿ ಕಮಲಾ ಹ್ಯಾರಿಸ್ ಅವರು ಹಳ್ಳಿಯಲ್ಲಿ ಬೆಳೆದ, ಶಾಲಾ ಮೇಷ್ಟರಾಗಿದ್ದ ಟಿಮ್ ವಾಲ್ಜ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡರು. ಆದರೂ ಅಮೆರಿಕದ ಹಳ್ಳಿಗಳು ಅವರ ಕಡೆ ತಿರುಗಲಿಲ್ಲ. ಏಕೆ? ಜೊತೆಗೆ ನಿಂತವರನ್ನು ನೋಡಿ ಯಾರಾದರೂ ಮತ ಹಾಕುತ್ತಾರೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಓದುಗರು. ನೇರ ಉತ್ತರ ಇದು: ಜೊತೆಗಾರನ ಊರು, ಉಡುಪು, ಮಾತಿನ ಧಾಟಿ ನೋಡಿ ಮತ ಬದಲಿಸುವವರು ಬಹಳ ಕಡಿಮೆ. ಹಳ್ಳಿಯವರು ಒಬ್ಬ ವ್ಯಕ್ತಿಯ ಮೇಲಿಟ್ಟ ನಂಬಿಕೆಯನ್ನು ಆ ವ್ಯಕ್ತಿ ಇನ್ನೊಬ್ಬರಿಗೆ ಕಡ ಕೊಡಲಾರ. ಆದರೆ ಜೊತೆಗಾರ ಹಿಂದೆ ಮಾಡಿದ ಕೆಲಸ ಮತ ತಂದ ಉದಾಹರಣೆ ಇದೆ. ಅದನ್ನು ವಿವರಿಸಲು 1940ಕ್ಕೂ 1960ಕ್ಕೂ ಹೋಗಬೇಕಾಗುತ್ತದೆ.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ನಮ್ಮ ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡೂ ಸದನಗಳ ಸದಸ್ಯರು ಬೇರೆಯಾಗಿ ಆರಿಸುತ್ತಾರೆ. ನಮ್ಮ ಉಪಮುಖ್ಯಮಂತ್ರಿಯನ್ನು ಪಕ್ಷ ಗೆದ್ದ ಮೇಲೆ ನೇಮಿಸುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳು ಮತಪತ್ರದ ಒಂದೇ ಸಾಲಿನಲ್ಲಿ ಜೋಡಿಯಾಗಿರುತ್ತಾರೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಮತ ಹಾಕಲಾಗದು. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿದ ಎಲೆಕ್ಟೋರಲ್ ಮತಗಳು. ಒಟ್ಟು 538ರಲ್ಲಿ 270 ಬೇಕು, ಬಹುತೇಕ ಎಲ್ಲ ರಾಜ್ಯಗಳಲ್ಲೂ ಗೆದ್ದವರಿಗೆ ಆ ರಾಜ್ಯದ ಅಷ್ಟೂ ಮತ. ಹಾಗಾಗಿ ತಮಗೆ ಎಲ್ಲಿ ಬಲವಿಲ್ಲವೋ ಅಲ್ಲಿಯವರನ್ನು ಜೊತೆಗೆ ಸೇರಿಸಿಕೊಳ್ಳುವುದು ಅಭ್ಯರ್ಥಿಗಳ ಹಳೆಯ ರೂಢಿ.

ಇನ್ನೊಂದು ಲೆಕ್ಕವನ್ನು ಗಮನಿಸದಿದ್ದರೆ ವಾಲ್ಜ್ ಅವರ ಆಯ್ಕೆಯ ಉದ್ದೇಶವೇ ತಿಳಿಯುವುದಿಲ್ಲ. ಹ್ಯಾರಿಸ್ ಅವರ ಡೆಮಾಕ್ರಟಿಕ್ ಪಕ್ಷದವರು ಹಳ್ಳಿಗಳನ್ನು ಗೆಲ್ಲುವ ಆಸೆ ಇಟ್ಟುಕೊಂಡಿರಲಿಲ್ಲ. ಅವರಿಗೆ ಬೇಕಾಗಿದ್ದುದು ಸೋಲಿನ ಅಂತರ ತಗ್ಗುವುದು. ಹತ್ತು ಸಾವಿರ ಮತ ಚಲಾವಣೆಯಾಗುವ ಒಂದು ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕವನ್ನು, ಊಹಿಸಿಕೊಳ್ಳಿ. ಅಲ್ಲಿ ಶೇ 30ರಷ್ಟು ಮತ ಸಿಕ್ಕರೆ ನಾಲ್ಕು ಸಾವಿರ ಮತಗಳ ಹಿನ್ನಡೆ, ಶೇ 35 ಸಿಕ್ಕರೆ ಮೂರು ಸಾವಿರ. ಎರಡೂ ಸೋಲೇ. ಆದರೆ ಅಂಥ ಮೂವತ್ತು ಕೌಂಟಿಗಳಲ್ಲಿ ಹೀಗಾದರೆ ಮೂವತ್ತು ಸಾವಿರ ಮತ ಉಳಿಯಿತು. 2024ರಲ್ಲಿ ಹ್ಯಾರಿಸ್ ಅವರು ವಿಸ್ಕಾನ್ಸಿನ್ ರಾಜ್ಯವನ್ನು ಕಳೆದುಕೊಂಡದ್ದು ಸುಮಾರು 29,000 ಮತಗಳಿಂದ.

ಈ ಲೆಕ್ಕಕ್ಕೆ ವಾಲ್ಜ್ ಅವರಿಗಿಂತ ಹೊಂದುವವರನ್ನು ಹುಡುಕುವುದು ಕಷ್ಟವಿತ್ತು. ಹುಟ್ಟಿದ್ದು ನೆಬ್ರಾಸ್ಕಾದಲ್ಲಿ, ಹೈಸ್ಕೂಲು ಮುಗಿಸಿದ್ದು ಬ್ಯೂಟ್ ಎಂಬ ಕೆಲವೇ ನೂರು ಜನರ ಊರಿನಲ್ಲಿ. ಸೇನೆಯ ನ್ಯಾಷನಲ್ ಗಾರ್ಡ್‌ನಲ್ಲಿ 24 ವರ್ಷ. ಮಿನೆಸೋಟದ ಮಂಕೇಟೊ ಊರಿನಲ್ಲಿ ಭೂಗೋಳದ ಮೇಷ್ಟರು, ಶಾಲೆಯ ಫುಟ್‌ಬಾಲ್ ತಂಡಕ್ಕೆ ತರಬೇತಿದಾರರಲ್ಲೊಬ್ಬರು. 2006ರಲ್ಲಿ ದಕ್ಷಿಣ ಮಿನೆಸೋಟದ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಯ ಸೀಮೆಯಿಂದ ಸಂಸತ್ತಿಗೆ ಆರಿಸಿ ಬಂದು ಕೃಷಿ ಸಮಿತಿಯಲ್ಲಿ ಕೆಲಸ ಮಾಡಿದರು. 2018ರಲ್ಲಿ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದರು. ಹ್ಯಾರಿಸ್ ಅವರೋ ಕ್ಯಾಲಿಫೋರ್ನಿಯಾದ ನಗರದಲ್ಲಿ ಬೆಳೆದ ವಕೀಲೆ. ಅವರ ತಾಯಿಯ ತಂದೆಯ ಊರು ತಮಿಳುನಾಡಿನ ತುಳಸೇಂದ್ರಪುರಂ ಎಂಬ ಹಳ್ಳಿಯೇ ಆದರೂ, ಆ ಸಂಬಂಧ ಅಯೋವಾದ ರೈತನಿಗೆ ಏನನ್ನೂ ಹೇಳುವಂಥದ್ದಲ್ಲ.

2024ರ ಆಗಸ್ಟ್ 6ರಂದು ವಾಲ್ಜ್ ಅವರ ಹೆಸರು ಪ್ರಕಟವಾಯಿತು. ಬೇಟೆಗಾರರು ತೊಡುವ ಎಲೆಬಣ್ಣದ ಟೋಪಿಯ ಮೇಲೆ ಇಬ್ಬರ ಹೆಸರನ್ನೂ ಕಿತ್ತಳೆ ಅಕ್ಷರಗಳಲ್ಲಿ ಹಾಕಿ ಮಾರಿದರು. ಅದು ಬಿಸಿದೋಸೆಯಂತೆ ಖರ್ಚಾಯಿತು. ಅಕ್ಟೋಬರ್‌ನಲ್ಲಿ ವಾಲ್ಜ್ ಅವರು ಕೋವಿ ಹಿಡಿದು ಕಾಡುಕೋಳಿಯಂಥ ಫೆಸಂಟ್ ಹಕ್ಕಿಯ ಬೇಟೆಗೆ ಹೋದರು, ಕ್ಯಾಮೆರಾಗಳು ಹಿಂಬಾಲಿಸಿದವು. ಹಳ್ಳಿಗಳಿಗೆ ಹತ್ತು ಸಾವಿರ ಆರೋಗ್ಯ ಸಿಬ್ಬಂದಿಯನ್ನು ಕರೆತರುವ ಭರವಸೆಯೂ ಇದ್ದ ಗ್ರಾಮೀಣ ಯೋಜನೆ ಹೊರಬಿದ್ದದ್ದು ಅಕ್ಟೋಬರ್ ಮಧ್ಯದಲ್ಲಿ. ಮತದಾನ ನವೆಂಬರ್ 5ಕ್ಕೆ. ನನಗೆ ಅತ್ಯಂತ ಬೇಸರ ತರಿಸುವುದು ಈ ದಿನಾಂಕಗಳ ಸಾಲು. ಟೋಪಿ ಮೊದಲು ಬಂತು, ಆಸ್ಪತ್ರೆಯ ಮಾತು ಮೂರು ವಾರ ಉಳಿದಿರುವಾಗ ಬಂತು.

ಫಲಿತಾಂಶದಲ್ಲಿ ಗ್ರಾಮೀಣ ಮತದಾರರಲ್ಲಿ ಪ್ರತಿ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಮಂದಿ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಕಡೆಗಿದ್ದರು. ಮಿನೆಸೋಟ ರಾಜ್ಯ ಹ್ಯಾರಿಸ್ ಅವರಿಗೇ ಉಳಿಯಿತು. ಆದರೆ 2020ರಲ್ಲಿ ಜೋ ಬೈಡನ್ ಸುಮಾರು 7 ಶೇಕಡಾ ಅಂಶಗಳಿಂದ ಗೆದ್ದಲ್ಲಿ ಈ ಬಾರಿಯ ಅಂತರ ಸುಮಾರು 4ಕ್ಕೆ ಇಳಿಯಿತು. ವಾಲ್ಜ್ ಅವರು ಪಾಠ ಹೇಳಿದ ಮಂಕೇಟೊ ಇರುವ ಬ್ಲೂ ಅರ್ತ್ ಕೌಂಟಿ, ಹಿಂದಿನ ಸಲ ಬೈಡನ್ ಪಾಲಾಗಿದ್ದದ್ದು, ಟ್ರಂಪ್ ಕಡೆ ಹೋಯಿತು.

ಹಾಗಾದರೆ ಊರಿನವರಿಗೆ ವಾಲ್ಜ್ ಬೇಡವಾಗಿದ್ದರೇ? ಹಾಗೆ ಹೇಳಲಾಗದು. 2016ರ ಲೆಕ್ಕ ನೋಡಿ. ಆ ವರ್ಷ ಇದೇ ದಕ್ಷಿಣ ಮಿನೆಸೋಟ ಕ್ಷೇತ್ರದಲ್ಲಿ ಟ್ರಂಪ್ ಅವರಿಗೆ ಸುಮಾರು 15 ಶೇಕಡಾ ಅಂಶಗಳ ಮುನ್ನಡೆ ಸಿಕ್ಕಿತು. ಅದೇ ದಿನ, ಅದೇ ಮತಪತ್ರದಲ್ಲಿ, ಅದೇ ಜನ ಡೆಮಾಕ್ರಟಿಕ್ ಪಕ್ಷದ ವಾಲ್ಜ್ ಅವರನ್ನು ಆರನೆಯ ಬಾರಿಗೆ ಸಂಸತ್ತಿಗೆ ಕಳಿಸಿದರು. ಅಂತರ ಒಂದು ಶೇಕಡಾಕ್ಕಿಂತ ಕಡಿಮೆ, ಆದರೂ ಗೆಲುವು ಗೆಲುವೇ. ಅಂದರೆ ಸಾವಿರಾರು ಜನ ಮೇಲೊಂದು ಪಕ್ಷಕ್ಕೆ, ಕೆಳಗೆ ತಮಗೆ ಗೊತ್ತಿರುವ ಮನುಷ್ಯನಿಗೆ ಮತ ಹಾಕಿದ್ದರು. 2024ರಲ್ಲಿ ಆ ಆಯ್ಕೆ ಅವರಿಗಿರಲಿಲ್ಲ. ವಾಲ್ಜ್ ಬೇಕೆಂದರೆ ಹ್ಯಾರಿಸ್ ಅವರನ್ನೂ ಒಪ್ಪಬೇಕಿತ್ತು. ಮೇಲಿನ ಹೆಸರು ನೋಡಿಯೇ ಜನ ತೀರ್ಮಾನ ಮಾಡಿದರು. ಉಪಾಧ್ಯಕ್ಷ ಅಭ್ಯರ್ಥಿಯ ತವರು ರಾಜ್ಯದ ಲಾಭವನ್ನು ಅಳೆದು ನೋಡಿದ ರಾಜ್ಯಶಾಸ್ತ್ರದ ಅಧ್ಯಯನಗಳೂ ಆ ಲಾಭ ಸಣ್ಣದು ಎಂಬ ಕಡೆಗೇ ವಾಲುತ್ತವೆ.

ಇದು ಇಂದಿನ ಕಥೆಯಷ್ಟೇ ಅಲ್ಲ. 1940ರಲ್ಲಿ ಎರಡೂ ಪಕ್ಷಗಳು ರೈತರನ್ನು ಕಣ್ಣಮುಂದಿಟ್ಟುಕೊಂಡೇ ಜೊತೆಗಾರರನ್ನು ಆರಿಸಿದವು. ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರು ಅಯೋವಾದ ಹೆನ್ರಿ ವಾಲೇಸ್ ಅವರನ್ನು ಹಿಡಿದರು. ವಾಲೇಸ್ ಅವರ ಮನೆತನದ್ದೇ ಒಂದು ಕೃಷಿ ಪತ್ರಿಕೆ ಇತ್ತು. ತಂದೆಯೂ ಕೃಷಿ ಸಚಿವರಾಗಿದ್ದವರು. ಮಗ ಹೈಬ್ರಿಡ್ ಮೆಕ್ಕೆಜೋಳದ ಬಿತ್ತನೆ ಬೀಜದ ಕಂಪನಿಯನ್ನು 1926ರಲ್ಲಿ ಕಟ್ಟಿ, 1933ರಿಂದ ರೂಸ್ವೆಲ್ಟ್ ಅವರ ಕೃಷಿ ಸಚಿವರಾಗಿ, ಬೆಲೆ ಕುಸಿದು ನೆಲಕಚ್ಚಿದ್ದ ರೈತರಿಗೆ ಸರ್ಕಾರದ ಆಸರೆ ಒದಗಿಸಿದವರು. ಷಿಕಾಗೋ ಸಮಾವೇಶದಲ್ಲಿ ಪ್ರತಿನಿಧಿಗಳು ಅವರ ಹೆಸರು ಕೇಳಿ ಕೂಗಾಡಿದರು. ವಾಲೇಸ್ ಬೇಡವೆಂದರೆ ನಾನೂ ನಿಲ್ಲುವುದಿಲ್ಲ ಎಂದು ರೂಸ್ವೆಲ್ಟ್ ಪಟ್ಟು ಹಿಡಿದ ಮೇಲೆಯೇ ಅವರು ಒಪ್ಪಿದ್ದು.

ಎದುರು ಪಕ್ಷದ ವೆಂಡೆಲ್ ವಿಲ್ಕಿ ವಿದ್ಯುತ್ ಕಂಪನಿಯ ಮುಖ್ಯಸ್ಥರಾಗಿದ್ದವರು. ನ್ಯೂಯಾರ್ಕ್‌ನ ಶ್ರೀಮಂತರ ಅಭ್ಯರ್ಥಿ ಎಂಬ ಮಾತನ್ನು ಅಳಿಸಲು ಆರೆಗಾನ್ ರಾಜ್ಯದ ಸೆನೆಟರ್ ಚಾರ್ಲ್ಸ್ ಮ್ಯಾಕ್‌ನೇರಿ ಅವರ ಜೊತೆಯಾದರು. ಮ್ಯಾಕ್‌ನೇರಿ ಹೆಸರು ರೈತರಿಗೆ ಹೊಸದಲ್ಲ. ಹೆಚ್ಚುವರಿ ಬೆಳೆಯನ್ನು ಸರ್ಕಾರವೇ ಕೊಂಡು ಹೊರದೇಶಕ್ಕೆ ಮಾರಿ, ದೇಶದೊಳಗಿನ ಬೆಲೆ ಕಾಯಬೇಕು ಎಂಬ ಮಸೂದೆಗೆ ಅವರ ಹೆಸರೇ ಅಂಟಿಕೊಂಡಿತ್ತು. ಸಂಸತ್ತು ಒಪ್ಪಿದ ಆ ಮಸೂದೆಯನ್ನು ಅಧ್ಯಕ್ಷ ಕೂಲಿಜ್ 1927ರಲ್ಲೊಮ್ಮೆ, 1928ರಲ್ಲಿ ಇನ್ನೊಮ್ಮೆ ತಿರಸ್ಕರಿಸಿದ್ದರು.

ಇಬ್ಬರು ರೈತಪರರು, ಇಬ್ಬರಿಗೂ ಹಿನ್ನೆಲೆ ಇದೆ. ಆಮೇಲೆ ಏನಾಯಿತು? ರೂಸ್ವೆಲ್ಟ್ 449 ಎಲೆಕ್ಟೋರಲ್ ಮತ ಪಡೆದು ಭರ್ಜರಿಯಾಗಿ ಗೆದ್ದರು, ಆದರೆ ವಾಲೇಸ್ ಅವರ ಅಯೋವಾ ಕೈಬಿಟ್ಟಿತು. ಕ್ಯಾನ್ಸಸ್, ನೆಬ್ರಾಸ್ಕಾ, ಎರಡೂ ಡಕೋಟಾಗಳು, ಎಲ್ಲವೂ 1936ರಲ್ಲಿ ರೂಸ್ವೆಲ್ಟ್ ಗೆದ್ದಿದ್ದ ಹೊಲಗಳ ಸೀಮೆ, ಈಗ ವಿಲ್ಕಿ ಪಾಲಾದವು. ಮ್ಯಾಕ್‌ನೇರಿ ಅವರ ಆರೆಗಾನ್ ರೂಸ್ವೆಲ್ಟ್ ಕಡೆ ಹೋಯಿತು. ಇಬ್ಬರಿಗೂ ಸ್ವಂತ ರಾಜ್ಯವೇ ಒಲಿಯಲಿಲ್ಲ. ಯುರೋಪಿನಲ್ಲಿ ಯುದ್ಧ ಹೊತ್ತಿ ಉರಿಯುತ್ತಿತ್ತು. ಮಗ ಸೇನೆಗೆ ಹೋಗಬೇಕಾದೀತು ಎಂಬ ಭಯ ಮೆಕ್ಕೆಜೋಳದ ಬೆಲೆಗಿಂತ ದೊಡ್ಡದಾಗಿತ್ತು.

ಇನ್ನು 1960. ಡೆಮಾಕ್ರಟಿಕ್ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆನಡಿ ಬೋಸ್ಟನ್ನಿನ ಶ್ರೀಮಂತ ಮನೆಯ ಕ್ಯಾಥೊಲಿಕ್. ದಕ್ಷಿಣದ ಹಳ್ಳಿಗಳ ಪ್ರಾಟೆಸ್ಟಂಟರು ಅವರನ್ನು ಅನುಮಾನದಿಂದಲೇ ನೋಡುತ್ತಿದ್ದರು. ಕೆನಡಿ ಟೆಕ್ಸಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ಕರೆದರು. ಜಾನ್ಸನ್ ಅಕ್ಟೋಬರ್‌ನಲ್ಲಿ ವಿಶೇಷ ರೈಲು ಹತ್ತಿ ದಕ್ಷಿಣದ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ನಿಂತು ಭಾಷಣ ಮಾಡಿದರು. ವರ್ಜೀನಿಯಾದ ಕಲ್ಪೆಪರ್ ಎಂಬಲ್ಲಿ ಎದುರಾಳಿ ಅಭ್ಯರ್ಥಿ ನಿಕ್ಸನ್ ಬಗ್ಗೆ ಅವರು ಕೂಗಿ ಕೇಳಿದ ಪ್ರಶ್ನೆ ಇಂದಿಗೂ ನೆನಪಿನಲ್ಲಿದೆ: ಡಿಕ್ ನಿಕ್ಸನ್ ಕಲ್ಪೆಪರ್‌ಗೆ ಏನು ಮಾಡಿದ್ದಾರೆ? ಪ್ರಶ್ನೆ ಚೆನ್ನಾಗಿತ್ತು, ಆದರೆ ಜಾನ್ಸನ್ ಆ ಊರಿಗೆ ಏನು ಮಾಡಿದ್ದರು ಎಂದು ಯಾರಾದರೂ ತಿರುಗಿ ಕೇಳಬಹುದಿತ್ತು. ವರ್ಜೀನಿಯಾ ನಿಕ್ಸನ್ ಅವರಿಗೇ ಹೋಯಿತು.

ಟೆಕ್ಸಸ್‌ನಲ್ಲಿ ಮಾತ್ರ ಕೆನಡಿ ಸುಮಾರು 46,000 ಮತಗಳಿಂದ ಗೆದ್ದು 24 ಎಲೆಕ್ಟೋರಲ್ ಮತ ಪಡೆದರು. ಜೊತೆಗಾರನಿಂದ ರಾಜ್ಯ ಬಂತು ಎಂದು ಧೈರ್ಯವಾಗಿ ಹೇಳಬಹುದಾದ ಉದಾಹರಣೆ ನನ್ನ ಮಟ್ಟಿಗೆ ಇದೊಂದೇ. ಅದಕ್ಕೆ ಪಕ್ಷದ ಯಂತ್ರ, ಸೆನೆಟ್ ನಾಯಕನ ಅಧಿಕಾರ, ಮನೆ ಮನೆಯ ಪರಿಚಯ ಎಲ್ಲವೂ ಕಾರಣ. ಆದರೆ ಅದರ ಬೇರು 1937ರಲ್ಲಿದೆ. ಆ ವರ್ಷ ಸಂಸತ್ತಿಗೆ ಹೊಸದಾಗಿ ಹೋದ ಜಾನ್ಸನ್ ಅವರ ಕ್ಷೇತ್ರದಲ್ಲಿ ಹಿಲ್ ಕಂಟ್ರಿ ಎಂಬ ಕಲ್ಲುನೆಲದ ಬಡ ಗುಡ್ಡಸೀಮೆ ಇತ್ತು. ಅಲ್ಲಿ ವಿದ್ಯುತ್ ಇರಲಿಲ್ಲ. ಹೆಂಗಸರು ಬಾವಿಯಿಂದ ಬಕೆಟ್ ಬಕೆಟ್ ನೀರು ಸೇದಿ ಹೊತ್ತು ಬೆನ್ನು ಬಾಗಿಸಿಕೊಂಡಿದ್ದರು. ಇಸ್ತ್ರಿ ಮಾಡಲು ಬೇಸಿಗೆಯಲ್ಲೂ ಸೌದೆ ಒಲೆ ಉರಿಸಿ ಕಬ್ಬಿಣ ಕಾಯಿಸಬೇಕು, ರಾತ್ರಿ ಓದಲು ಸೀಮೆಎಣ್ಣೆ ದೀಪ. ಈ ವಿವರಗಳು ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದಂತೆಯೇ ಇವೆ.

ಖಾಸಗಿ ಕಂಪನಿಗಳಿಗೆ ಅಲ್ಲಿ ತಂತಿ ಎಳೆದರೆ ಗಿಟ್ಟುತ್ತಿರಲಿಲ್ಲ. ಸರ್ಕಾರದ ಗ್ರಾಮೀಣ ವಿದ್ಯುದೀಕರಣ ಸಂಸ್ಥೆಯೂ ಮೈಲಿಗೆ ಮೂರು ಮನೆಗಳಾದರೂ ಇರಬೇಕು ಎನ್ನುತ್ತಿತ್ತು. ಜಾನ್ಸನ್ ರೈತರನ್ನು ಕೂಡಿಸಿ ಪೆಡರ್ನೇಲಿಸ್ ಸಹಕಾರಿ ಸಂಘ ಕಟ್ಟಿಸಿದರು, ನಿಯಮ ಸಡಿಲಿಸಲು ನೇರ ರೂಸ್ವೆಲ್ಟ್ ಅವರ ಬಳಿಗೇ ಹೋದರು. 1938ರಲ್ಲಿ ಸಂಘ, 1939ರಲ್ಲಿ ಮನೆಗಳಲ್ಲಿ ದೀಪ. ಇಪ್ಪತ್ತು ವರ್ಷ ಕಳೆದರೂ ಆ ಸೀಮೆಯಲ್ಲಿ ಯಾರಿಗೂ ಜಾನ್ಸನ್ ಯಾರೆಂದು ಪರಿಚಯಿಸಬೇಕಾಗಿರಲಿಲ್ಲ.

ಒಂದು ಕಹಿ ಸತ್ಯವನ್ನು ಇಲ್ಲಿ ಬಿಡಬಾರದು. 1960ರಲ್ಲಿ ದಕ್ಷಿಣದ ಗ್ರಾಮೀಣ ಮತದಾರ ಎಂದರೆ ಬಹುಮಟ್ಟಿಗೆ ಬಿಳಿಯ ರೈತ. ಅದೇ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರನ್ನು ತೆರಿಗೆ, ಪರೀಕ್ಷೆ, ಬೆದರಿಕೆಗಳಿಂದ ಮತಗಟ್ಟೆಯ ಹೊರಗಿಟ್ಟಿದ್ದರು. ಅದನ್ನು ಮುರಿದ 1965ರ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದ್ದೂ ಮುಂದೆ ಅಧ್ಯಕ್ಷರಾದ ಇದೇ ಜಾನ್ಸನ್. ಇಂದಿಗೂ ಗ್ರಾಮೀಣ ಅಮೆರಿಕ ಎಂದಾಕ್ಷಣ ಟ್ರ್ಯಾಕ್ಟರ್ ಮೇಲೆ ಕೂತ ಬಿಳಿಯ ಗಂಡಸಿನ ಚಿತ್ರ ಹಾಕುತ್ತಾರೆ. ಜಾರ್ಜಿಯಾದ ಕಪ್ಪು ಹಳ್ಳಿಗಳು, ಮೂಲನಿವಾಸಿಗಳ ಸೀಮೆಗಳು, ಮೆಕ್ಸಿಕೋ ಗಡಿಯ ಊರುಗಳು ಎಣಿಕೆಗೇ ಬರುವುದಿಲ್ಲ. ಹಾಗೆ ಮರೆತವರಿಗೆ ಏನಾಗುತ್ತದೆ ಎಂಬುದನ್ನು ಟೆಕ್ಸಸ್‌ನ ಸ್ಟಾರ್ ಕೌಂಟಿ ತೋರಿಸಿತು. ಬಹುತೇಕ ಎಲ್ಲರೂ ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಜನರಿರುವ ಆ ಗಡಿ ಕೌಂಟಿ 1892ರ ನಂತರ ಮೊದಲ ಬಾರಿಗೆ, 2024ರಲ್ಲಿ, ರಿಪಬ್ಲಿಕನ್ ಅಭ್ಯರ್ಥಿಗೆ ಬಹುಮತ ಕೊಟ್ಟಿತು.

ಟ್ರಂಪ್ ಅವರ ಜೊತೆಗಾರ ಜೆ.ಡಿ. ವ್ಯಾನ್ಸ್ ಅವರಿಂದ ಹಳ್ಳಿಯ ಮತ ಬಂತೇ ಎಂದೂ ಕೆಲವರು ಕೇಳುತ್ತಾರೆ. ಅವರು ಬೆಳೆದ ಮಿಡಲ್‌ಟೌನ್ ಉಕ್ಕಿನ ಕಾರ್ಖಾನೆಯ ಪಟ್ಟಣ, ಹಳ್ಳಿಯಲ್ಲ. ಹಳ್ಳಿಗಳು 2016ರಿಂದಲೇ ಟ್ರಂಪ್ ಅವರ ಜೊತೆಗಿದ್ದವು.

ಜಾನ್ಸನ್ ಅವರ ತಂತಿಯ ಪಕ್ಕದಲ್ಲಿ ಇಂದಿನ ಒಂದು ತಂತಿಯನ್ನಿಟ್ಟು ನೋಡಿದರೆ ಪ್ರಶ್ನೆಯ ಉಳಿದ ಭಾಗಕ್ಕೂ ಉತ್ತರ ಸಿಗುತ್ತದೆ. 2021ರ ನವೆಂಬರ್‌ನಲ್ಲಿ ಬೈಡನ್ ಸಹಿ ಹಾಕಿದ ಮೂಲಸೌಕರ್ಯ ಕಾಯ್ದೆಯಲ್ಲಿ, ಇಂಟರ್ನೆಟ್ ಇಲ್ಲದ ಮನೆಗಳಿಗೆ, ಮುಖ್ಯವಾಗಿ ಹಳ್ಳಿಗಳಿಗೆ, ಬ್ರಾಡ್‌ಬ್ಯಾಂಡ್ ತಲುಪಿಸಲು 4,200 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟರು. ಹಣ ದೊಡ್ಡದು, ಉದ್ದೇಶ ಒಳ್ಳೆಯದು. ನಕ್ಷೆ, ರಾಜ್ಯಗಳ ಯೋಜನೆ, ಆಕ್ಷೇಪಣೆ, ಮಂಜೂರಾತಿ ಎಂದು ಕಡತ ಮೇಜಿನಿಂದ ಮೇಜಿಗೆ ಸಾಗಿತು. ಮೂರು ವರ್ಷಗಳ ಬಳಿಕ, 2024ರ ಮತದಾನದ ದಿನ ಬಂದಾಗ, ಆ ಹಣದಿಂದ ಒಂದು ಮನೆಗೂ ಸಂಪರ್ಕ ಸಿಕ್ಕಿರಲಿಲ್ಲ.